ಅಗಸಿಯ ಮುಂದೆ ನಿಂತ ಜನರಲ್ ಸಾಹೇಬರು

ನಮ್ಮ ಸೋದರಮಾವ ಪ್ರಷ್ಯಾ ದೇಶದ ಕುದುರೆ ದಂಡಿನಲ್ಲಿ ಬಹಳ ವರ್ಷ ಇದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಅವನಿದ್ದದ್ದು ದೇವದುರ್ಗದ ಒಂದು ಶಾಲೆಯಲ್ಲಿ, ಡ್ರಿಲ್ ಮಾಸ್ತರನಾಗಿ. ಆದರೆ ಮನಸ್ಸು ಮಾತ್ರ ಯಾವಾಗಲೂ ಪ್ರಷ್ಯಾದಲ್ಲೇ ಬೀಡು ಬಿಟ್ಟಿರುತ್ತಿತ್ತು. ಆ ಹೆಸರಿನ ದೇಶ ಈಗ ನಕಾಶೆಯಲ್ಲೇ ಇಲ್ಲ ಎಂದು ನಮ್ಮ ಭೂಗೋಳದ ಟೀಚರು ಹೇಳಿದ ದಿನ ನಾನು ಓಡಿ ಬಂದು ಅವನಿಗೆ ವರದಿ ಒಪ್ಪಿಸಿದೆ. ಅವನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

"ನಕಾಶದಾಗ ನಮ್ಮ ಓಣಿನೂ ಇಲ್ಲ ಬೇ. ಹಂಗಂತ ನಾವು ಇಲ್ಲೇನು?" ಎಂದ.

ಹೀಗೆ ವಾದ ಮಾಡುವವನ ಮುಂದೆ ಭೂಗೋಳ ಎಷ್ಟು ಹೊತ್ತು ನಿಂತೀತು?

ಈ ಹುಚ್ಚು ಅವನಿಗೆ ಅಂಟಿದ್ದು ರಾಯಚೂರಿನಲ್ಲಿ. ಮಾಸ್ತರಿಕೆಯ ತರಬೇತಿಗೆಂದು ಬಂದವನು ಕೋಟೆಯ ಕಂದಕದ ಹತ್ತಿರ ಒಂದು ಕೋಣೆ ಹಿಡಿದಿದ್ದ. ಪಕ್ಕದಲ್ಲಿ ನಿಜಾಮರ ಕಾಲದ ಕುದುರೆ ದಂಡಿನಿಂದ ನಿವೃತ್ತರಾದ ಒಬ್ಬ ಮುದಿ ರಿಸಾಲ್ದಾರ್ ಸಾಹೇಬರು. ಅವರ ದಂಡು ಕರಗಿ ಹೋಗಿತ್ತು, ಕುದುರೆ ಸತ್ತು ಹೋಗಿತ್ತು. ಉಳಿದದ್ದು ಒಂದು ಆರಾಮ ಕುರ್ಚಿ, ಮತ್ತೆ ಎಂದೋ ಪ್ರಷ್ಯಾದಲ್ಲಿ ಬಾಳಿದ್ದ ಒಬ್ಬ ಕುದುರೆ ದಂಡಿನ ಜನರಲ್‌ನ ಕತೆ. ತಾವು ತರುಣರಿದ್ದಾಗ ಯಾರೋ ಗೋರಾ ಅಧಿಕಾರಿಯಿಂದ ಕೇಳಿದ್ದಂತೆ. ದಿನಾ ಸಂಜೆ ಸಾಹೇಬರು ಹೇಳಬೇಕು, ಮಾವ ಕೇಳಬೇಕು. ಜನರಲ್‌ನ ಹೆಸರೇನು ಎಂದು ಮಾವ ಒಮ್ಮೆ ಕೇಳಿದ್ದಕ್ಕೆ, "ಅರೆ ಬೇಟಾ, ವೋ ನಾಮ್ ಬೋಲ್ಯಾ ತೋ ಮೇರೆ ದಾಂತಾಂ ಗಿರ್ ಜಾತೆ!" ಎಂದು ತಮ್ಮ ಕಟ್ಟಿಸಿದ ಹಲ್ಲುಗಳನ್ನು ಕೈಯಲ್ಲಿ ಹಿಡಿದು ತೋರಿಸಿದರಂತೆ. ಹಲ್ಲು ಉದುರಿಸುವಂಥ ಹೆಸರನ್ನು ಯಾರು ತಾನೆ ಕಲಿತಾರು? ಹೀಗಾಗಿ ನಮ್ಮ ಮನೆತನದಲ್ಲಿ ಆ ಮಹಾನುಭಾವರು ಇವತ್ತಿಗೂ ಬರೀ 'ಜನರಲ್ ಸಾಹೇಬ್ರು'.

ರಜೆ ಸಿಕ್ಕಾಗಲೆಲ್ಲ ಮಾವ ರಾಯಚೂರಿನ ನಮ್ಮ ಮನೆಗೆ ಬರುತ್ತಿದ್ದ. ಅವ್ವನಿಗೆ ಇವನೊಬ್ಬನೇ ತಮ್ಮ. ನಮ್ಮ ಮನೆಯ ಆಚೆಗೆ ಹತ್ತಿ ಮಿಲ್ಲು. ಮಧ್ಯಾಹ್ನದ ಊಟ ಮುಗಿದು, ಬಿಸಿಲಿಗೆ ಇಡೀ ಓಣಿ ಕಣ್ಣು ಮುಚ್ಚಿ ಬಿದ್ದಿರುವಾಗ ಮಿಲ್ಲಿನ ಕಡೆಯಿಂದ ಹತ್ತಿಯ ಎಳೆಗಳು ತೇಲಿ ಬರುತ್ತಿದ್ದವು. ಅಂಗಳದ ಬೇವಿನ ಗಿಡದ ಮೇಲೆ, ಬಾವಿಯ ಹಗ್ಗದ ಮೇಲೆ, ಮಾವನ ಮೀಸೆಯ ಮೇಲೆ ಅವು ಸದ್ದಿಲ್ಲದೆ ಇಳಿಯುತ್ತಿದ್ದವು. ಮಾವ ಮೀಸೆ ಒರೆಸಿಕೊಳ್ಳುತ್ತಿರಲಿಲ್ಲ. "ಪ್ರಷ್ಯಾದಾಗ ಹಿಮ ಹಿಂಗ ಬೀಳ್ತದ" ಎನ್ನುತ್ತಿದ್ದ. ಅಷ್ಟು ಸಾಕು. ರಾಯಚೂರಿನ ಆ ಕಾದ ಬಂಡೆಗಳ ನಡುವೆ ನನಗೆ ನಿಜವಾಗಿ ಚಳಿ ಹತ್ತುತ್ತಿತ್ತು, ನಾನು ಅವ್ವನ ಹಳೆ ಸೀರೆ ಹೊದ್ದುಕೊಂಡು ಕೂತುಬಿಡುತ್ತಿದ್ದೆ! ದೂರದಲ್ಲಿ ರೈಲು ಹಳಿಯ ಮೇಲೆ ಬಿಸಿಲುಗುದುರೆ ಕುಣಿಯುತ್ತಿತ್ತು. ನೋಡುತ್ತ ನೋಡುತ್ತ ಅದರೊಳಗಿಂದ ಜನರಲ್ ಸಾಹೇಬರು ತಮ್ಮ ಕುದುರೆಯ ಮೇಲೆ ಹೊರಟು ಬರುತ್ತಿದ್ದರು.

ಸಾಹೇಬರ ತಂದೆಯೂ ಕುದುರೆ ದಂಡಿನವನೇ, ಮಗ ಸಣ್ಣವನಿದ್ದಾಗಲೇ ತೀರಿಕೊಂಡ. ಮಗ ಮಾತ್ರ ನಡೆಯಲು ಕಲಿಯುವ ಮೊದಲೇ ಸವಾರಿ ಕಲಿತನಂತೆ. ಆ ದೇಶದಲ್ಲಿ ಗಾಳಿಗೆ ತಿರುಗುವ ದೊಡ್ಡ ಬೀಸುಕಲ್ಲಿನ ಗಿರಣಿಗಳಿರುತ್ತವೆ, ಅವಕ್ಕೆ ಮನೆಗಿಂತ ಎತ್ತರದ ರೆಕ್ಕೆ.

"ರೆಕ್ಕಿ ಗರಗರ ತಿರಗಾಕತ್ತಾವ. ಎರಡು ರೆಕ್ಕಿ ನಡುವ ಹುಡುಗ ಕುದ್ರಿ ಹಾರಿಸಿಬಿಟ್ಟ!"

"ಯಾಕ ಮಾಮಾ? ಸುತ್ತು ಹಾಕ್ಕೊಂಡು ಹೋಗಬಾರದಾಗಿತ್ತಾ?"

"ಸುತ್ತು ಹಾಕ್ಕೊಂಡು ಹೋದವರು ಜನರಲ್ ಆಗೂದಿಲ್ಲ ಬೇ" ಎನ್ನುತ್ತಿದ್ದ.

ಆಮೇಲೆ ಸೇತುವೆಯ ಪ್ರಸಂಗ. ಎರಡೂ ಕಡೆ ದಾರಿ ಕಟ್ಟಿದಾಗ ಸಾಹೇಬರು ಕುದುರೆ ಸಮೇತ ಹೊಳೆಗೇ ಹಾರಿದ್ದು. ಆಮೇಲೆ ಚಿಲುಮೆಯ ಪ್ರಸಂಗ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಸಾವಿರಾರು ಸವಾರರು ಕತ್ತಿ ಹಿರಿದು ನಿಂತಿದ್ದಾರೆ. ಎದುರಿಗೆ ವೈರಿ. ಸಾಹೇಬರು ಮಾತ್ರ ಬೆಳ್ಳನೆಯ ಮಣ್ಣಿನ ಚಿಲುಮೆ ಸೇದುತ್ತ ತಮ್ಮಷ್ಟಕ್ಕೆ ತಾವಿದ್ದಾರೆ. ಕೂಗಿಲ್ಲ, ಕಹಳೆ ಇಲ್ಲ. ಒಂದು ಗಳಿಗೆಯಲ್ಲಿ ಚಿಲುಮೆಯನ್ನು ಆಕಾಶಕ್ಕೆ ಎಸೆಯುತ್ತಾರೆ. ಅಷ್ಟೇ! ಇಡೀ ದಂಡು ನುಗ್ಗುತ್ತದೆ.

ಗೆದ್ದ ಸಾಹೇಬರು ಕೊನೆಗೆ ಒಂದು ಪಟ್ಟಣದ ಬಾಗಿಲಿಗೆ ಬರುತ್ತಾರೆ. "ದೊಡ್ಡ ಕಲ್ಲಿನ ಅಗಸಿ. ಬಾಗಲಾ ಹಾಕ್ಯದ. ಹಿಮ ಬೀಳಾಕತ್ತದ. ಸಾಹೇಬ್ರು ಕುದ್ರಿ ಮ್ಯಾಲ ಕುಂತಾರ..."

"ಆಮ್ಯಾಗ?"

"ಆಮ್ಯಾಗೇನು, ನಾಳೆ ಹೇಳ್ತೀನಿ."

ನಾಳೆ ಮತ್ತೆ ಹುಟ್ಟಿನಿಂದ ಶುರು! ಎಷ್ಟು ಸಲ ಕೇಳಿದರೂ ಸಾಹೇಬರು ಆ ಅಗಸಿಯೊಳಗೆ ಬರಲೇ ಇಲ್ಲ. ಕುದುರೆಗಾದರೂ ಕಾಲು ನೋಯುವುದಿಲ್ಲವೇ? ನಾನು ಸಿಟ್ಟಿನಿಂದ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ದೂರು ಕೊಟ್ಟೆ. ಅತ್ತೆಯದು ಖಾರದ ಬಾಯಿ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು ಅವಳು ಹೇಳಿದ್ದು ಇದು.

"ಅವರು ಅಗಸಿ ದಾಟಿದ್ರ ತಾನ ದಾಟಸ್ತಾರ? ಮದಿವಿಗೆ ಕುದ್ರಿ ಮ್ಯಾಲ ಬರ್ತೀನಿ ಅಂತ ಹೇಳಿ ಕಳಿಸಿದ್ರವ್ವಾ. ನಾ ಬಾಸಿಂಗ ಕಟ್ಕೊಂಡು, ಕಿವಿ ಬಾಗಲದಾಗ ಇಟ್ಕೊಂಡು ಕುಂತಿದ್ದೆ. ಟಕ್ ಟಕ್ ಅಂತ ಸಪ್ಪಳ ಈಗ ಬರ್ತದ, ಆಗ ಬರ್ತದ ಅಂತ. ಬಂದದ್ದು ಹಿತ್ತಲ ಕಡಿಂದ, ಬರೇ ಕಾಲ್ಲೆ!"

ಆದದ್ದು ಇಷ್ಟೆ. ನಾವು ಊರಾಚೆಯ ಓಣಿಯವರು. ಅಜ್ಜ ಕೂಲಿ ಮಾಡಿದವನು, ಮಾವ ಓದಿ ಮಾಸ್ತರನಾದವನು, ಮನೆಯ ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿದ್ದಾನೆ. ಆದರೂ ಅತ್ತೆಯ ತವರೂರಲ್ಲಿ ನಮ್ಮವರ ಮದುಮಗ ಕುದುರೆ ಏರಿ ಅಗಸಿ ದಾಟುವುದು, ನಡುಬೀದಿಯಲ್ಲಿ ಹಾದು ಹೋಗುವುದು ಎಂದೂ ಆಗಿರಲಿಲ್ಲ. ಮಾವ ರಾಯಚೂರಿನ ಟಾಂಗಾದ ಕುದುರೆ ಬಾಡಿಗೆಗೆ ತಂದು, ಜನರಲ್ ಸಾಹೇಬರ ಹಾಗೆ ಬೆನ್ನು ನೆಟ್ಟಗೆ ಮಾಡಿ ಅಗಸಿಯ ತನಕ ಬಂದ. ಅಲ್ಲಿ ಕಟ್ಟೆಯ ಮೇಲೆ ಹಳದಿ ರುಮಾಲಿನ ಹಿರಿಯರೊಬ್ಬರು ಕೂತಿದ್ದರು. "ಮಾಸ್ತರ, ಇಳೀರಿ" ಎಂದರು. ಬೈಗುಳವಿಲ್ಲ, ಬಡಿಗೆಯಿಲ್ಲ, ಮರ್ಯಾದೆಯ 'ರೀ' ಬೇರೆ! ಹೆಣ್ಣಿನ ತಂದೆ ಓಡಿ ಬಂದು ಅಳಿಯನ ಮುಂದೆ ಕೈ ಮುಗಿದ. ನಾಳೆ ಅದೇ ಊರಲ್ಲಿ ಬಾಳಬೇಕಾದವನು ಅವನು. ಮಾವ ಇಳಿದ. ಆ ಹೊತ್ತಿಗೆ ಕುದುರೆಯ ಒಂದು ಲಾಳ ಕಳಚಿ ಬಿತ್ತು. ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ಲಗಾಮು ಹಿಡಿದು, ಜಾಲಿ ಮುಳ್ಳಿನ ಹಿಂದಿನ ಹಾದಿಯಲ್ಲಿ ಸುತ್ತು ಹಾಕಿಕೊಂಡು ನಡೆದ. ಜನ್ಮದಲ್ಲಿ ಅವನು ಕುದುರೆ ಏರಿದ್ದು ಅದೊಂದೇ ಸಲ. ಕುದುರೆಯೊಡನೆ ಆ ಅಗಸಿ ದಾಟುವ ತನಕ ಬೇರೆ ಕುದುರೆ ಹತ್ತುವುದಿಲ್ಲ, ಆ ಅಗಸಿಯೊಳಗೆ ಕಾಲೂ ಇಡುವುದಿಲ್ಲ ಎಂದು ಹಟ ತೊಟ್ಟ. ಅತ್ತೆಯ ತವರಿಗೆ ಹೋದಾಗಲೆಲ್ಲ ಇಬ್ಬರೂ ಅದೇ ಮುಳ್ಳಿನ ಹಾದಿ ಹಿಡಿಯುತ್ತಿದ್ದರು. "ಇವರ ಹಟಕ್ಕ ನನ್ನ ಸೀರಿ ಹರೀತಾವ" ಎಂದು ಅತ್ತೆ ಊರು ಮುಟ್ಟುವ ತನಕ ಬೈಯುತ್ತಿದ್ದಳು. ಬೈಯುತ್ತಲೇ ಅವನ ಹಿಂದೆ ನಡೆಯುತ್ತಿದ್ದಳು, ನಡುಬೀದಿಯಲ್ಲಿ ಒಬ್ಬಳೇ ಹೋಗಬಹುದಾಗಿದ್ದರೂ.

ಆ ಲಾಳವನ್ನು ಮಾವ ದೇವದುರ್ಗದ ಬಾಡಿಗೆ ಮನೆಯ ಬಾಗಿಲಿಗೆ ಹಸಿರು ದಾರದಿಂದ ಕಟ್ಟಿದ್ದ. ಯಾಕೆ ಹಸಿರು? ಮನೆಯಲ್ಲಿ ಸಿಕ್ಕಿದ್ದು ಅದೇ ದಾರ. ಆದರೆ ನಮ್ಮ ಕಡೆ ಮೊಹರಂನಲ್ಲಿ ಕುದುರೆ ಲಾಳದ ರೂಪದಲ್ಲೇ ಒಂದು ಅಲಾಯಿ ದೇವರು ಇದೆ, ನಾಲ್ ಸಾಹೇಬ್. ಯಾವ ಜಾತಿ, ಯಾವ ಧರ್ಮ ಎನ್ನದೆ ಎಲ್ಲರೂ ಹೋಗಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುತ್ತಾರೆ. ಮೊಹರಂ ಹತ್ತಿರವಿದ್ದ ಒಂದು ಬೆಳಿಗ್ಗೆ ಮಸರಕಲ್‌ನಿಂದ ಸಂತೆಗೆ ಬಂದ ಮುದುಕಿಯೊಬ್ಬಳು ಮಾವನ ಬಾಗಿಲಲ್ಲಿ ಆ ಹಸಿರು ದಾರದ ಲಾಳ ಕಂಡಳು. ಅಲ್ಲೇ ಸೆರಗೊಡ್ಡಿ ನಿಂತಳು.

"ಮಾಸ್ತರ, ಮೊಮ್ಮಗಗ ಜ್ವರಾ ಬಿಡವಲ್ದು. ಇಷ್ಟು ಸಕ್ಕರಿ ಓದಿಸಿಕೊಡ್ರಿ."

"ಯವ್ವಾ, ಇದು ದೇವ್ರಲ್ಲ! ಬಾಡಿಗಿ ಟಾಂಗಾದ ಕುದ್ರಿ ಲಾಳ!"

"ದೇವ್ರು ಹಂಗ ವೇಷ ಹಾಕ್ಕೊಂಡ ಬರ್ತಾನ ಯಪ್ಪಾ. ನಿಮಗೇನು ಗೊತ್ತು?"

ಎಷ್ಟು ಹೇಳಿದರೂ ಮುದುಕಿ ಕದಲಲಿಲ್ಲ. ಕೊನೆಗೆ ಮಾವ ಕಣ್ಣು ಮುಚ್ಚಿ, ಬೇರೇನೂ ಬಾರದೆ, ಮನಸ್ಸಿನಲ್ಲೇ ಜನರಲ್ ಸಾಹೇಬರನ್ನು ಗಿರಣಿಯ ರೆಕ್ಕೆಗಳ ನಡುವೆ ಹಾರಿಸಿ ಸಕ್ಕರೆ ಕೊಟ್ಟ. ಹುಡುಗನ ಜ್ವರ ಬಿಟ್ಟಿತು! ಮುಂದಿನ ವಾರ ಬಾಗಿಲ ಮುಂದೆ ಸಾಲು. ಯಾವ ದೇವರಿಗೂ ಕೈ ಮುಗಿಯದ ಮಾವ ತಲೆ ಚಚ್ಚಿಕೊಂಡ. ಅತ್ತೆಗೆ ಮಾತ್ರ ಆ ಪ್ರಷ್ಯಾದವನ ಮೇಲೆ ಮೊದಲ ಸಲ ಭಕ್ತಿ ಹುಟ್ಟಿತು. ಆ ವರ್ಷ ಅವಳು ಚಹಾಕ್ಕೆ ಸಕ್ಕರೆಯನ್ನೇ ಕೊಳ್ಳಲಿಲ್ಲ.

ಶಾಲೆಯಲ್ಲಿ ಮಾವ ಕಟ್ಟಿದ ರಿಸಾಲೆಯ, ಅಂದರೆ ಕುದುರೆ ದಂಡಿನ, ಕತೆ ಬೇರೆ. ಕುದುರೆ ಎಲ್ಲಿಂದ ಬರಬೇಕು? ಮೊದಲು ಹುಡುಗರು ಬರಿಗಾಲಲ್ಲೇ ಓಡುತ್ತ, ನಾಲಿಗೆಯಿಂದ 'ಟಕ್ ಟಕ್' ಎಂದು ಗೊರಸಿನ ಸದ್ದು ಮಾಡುತ್ತಿದ್ದರು. ಆಮೇಲೆ ಬಾಡಿಗೆ ಸೈಕಲ್ಲುಗಳು ಬಂದವು, ಟಕ್ ಟಕ್ ಮಾತ್ರ ಹಾಗೇ ಉಳಿಯಿತು. ಮಾವನಿಗೆ ಬೀಡಿ ಚಟವಿಲ್ಲ, ಚಿಲುಮೆಗೆ ಬದಲು ಚಾಕ್‌ಪೀಸು! ಮೈದಾನದ ತುದಿಯಲ್ಲಿ ಹುಡುಗರು ಸಾಲಾಗಿ ನಿಲ್ಲಬೇಕು. ಮಾವ ಬೇರೆಲ್ಲೋ ನೋಡುತ್ತ, ಮಾತಿಲ್ಲದೆ, ಚಾಕ್‌ಪೀಸನ್ನು ಆಕಾಶಕ್ಕೆ ಎಸೆಯಬೇಕು. ಅದು ನೆಲ ಮುಟ್ಟುವುದರೊಳಗೆ ರಿಸಾಲೆ ನುಗ್ಗಬೇಕು. ಒಮ್ಮೆ ಕಲ್ಲೂರಿನ ಆಟೋಟದಲ್ಲಿ ರಿಸಾಲೆ ಎಷ್ಟು ಚೆನ್ನಾಗಿ ನುಗ್ಗಿತೆಂದರೆ ಶಾಮಿಯಾನದ ಕಂಬ ಕಿತ್ತು, ಭಾಷಣ ಮಾಡುತ್ತಿದ್ದ ಮುಖ್ಯ ಅತಿಥಿಗಳ ಮೇಲೆ ಬಟ್ಟೆ ಇಳಿಯಿತು. ಒಳಗಿಂದ ಅವರು ಭಾಷಣ ಮುಂದುವರಿಸಿದರು. ಹೆಡ್ಮಾಸ್ತರರು ಕೋಪದಿಂದ, "ಏನ್ರೀ ಇದು?" ಎಂದರೆ ಮಾವ, "ಸರ್, ವೈರಿ ತಗ್ಗಿದ" ಎಂದನಂತೆ!

ಆ ರಿಸಾಲೆಯಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದ ಹುಡುಗ ಯಾರು ಗೊತ್ತೇ? ಹಳದಿ ರುಮಾಲಿನ ಹಿರಿಯರ ಮಗ! ಆ ಊರಿನ ಹುಡುಗರು ಓದಲು ದೇವದುರ್ಗಕ್ಕೇ ಬರಬೇಕಿತ್ತು. ಇವನು ಬಂದು ಮಾವನ ಮುಂದೆ ಸಾಲಿನಲ್ಲಿ ನಿಂತ. ಅತ್ತೆ ಕೆಂಡವಾದಳು.

"ಅವರಪ್ಪ ನಿಮ್ಮನ್ನ ಇಳಿಸಿದ. ನೀವು ಅವನ ಮಗನ್ನ ಏರಸಾಕತ್ತೀರೇನು?"

"ಹುಡುಗ ಏನ್ ಮಾಡ್ಯಾನ? ಸೈಕಲ್ಲು ಚೊಲೋ ಹೊಡಿತಾನ" ಎಂದು ಮಾವ ಅವನ ಕೈಗೇ ಬಾವುಟ ಕೊಟ್ಟ.

ಇಂಥವನನ್ನು ಏನೆನ್ನುವುದು? ನನಗೆ ಆಗ ಮಾವನ ಮೇಲೆ ಸಿಟ್ಟು ಬಂದಿತ್ತು. ಇಷ್ಟೊಂದು ಒಳ್ಳೆಯವನಾದರೆ ಅಗಸಿ ದಾಟುವುದು ಯಾವಾಗ?

ಕಾಲ ಸರಿಯಿತು. ರಿಸಾಲ್ದಾರ್ ಸಾಹೇಬರು ತೀರಿಕೊಂಡರು. ಮಾವನಿಗೆ ಮಾನ್ವಿಗೆ ವರ್ಗವಾಯಿತು. ಹತ್ತಿ ಬೀಳದಿದ್ದರೂ ಅವನ ಮೀಸೆ ಬೆಳ್ಳಗೆ ಕಾಣತೊಡಗಿತು. ನಾನು ರಾಯಚೂರಿನಲ್ಲಿ ನರ್ಸ್ ಕೆಲಸ ಹಿಡಿದೆ. ಅತ್ತೆ ತನ್ನ ಅಣ್ಣನ ಮಗನಿಗೆ ನನ್ನನ್ನು ಕೇಳಿದಳು. ಹುಡುಗ ಅಂಚೆ ಕಚೇರಿಯಲ್ಲಿದ್ದ, ನನಗೂ ಒಪ್ಪಿಗೆಯಾಯಿತು. ಮದುವೆ ಗಂಡಿನ ಊರಲ್ಲಿ, ಅಂದರೆ ಅದೇ ಅಗಸಿಯ ಊರಲ್ಲಿ! ಮಾತು ಮುಗಿದು ಎಲ್ಲರೂ ಚಹಾ ಕುಡಿಯುವಾಗ ಮಾವ ತನ್ನ ಕಪ್ಪು ಕೆಳಗಿಟ್ಟ.

ನಮ್ಮಲ್ಲಿ ಮದುಮಗಳನ್ನು ಹಂದರಕ್ಕೆ ಎತ್ತಿಕೊಂಡು ಹೋಗುವುದು ಸೋದರಮಾವನ ಹಕ್ಕು.

"ನನಗ ಈಗ ಟೊಂಕಾ ಹಿಡಿತದ. ನಾ ಎತ್ತೂದಿಲ್ಲ. ನನ್ನ ಬದಲಿ ಕುದ್ರಿ ಎತ್ತತದ" ಎಂದ.

ಅವ್ವ ಗಾಬರಿಯಾದಳು. "ಹೆಣ್ಣುಮಗಳನ್ನ ಕುದ್ರಿ ಮ್ಯಾಲ? ಅದೂ ಆ ಊರಾಗ? ಏನರ ಆದ್ರ?"

"ಆದ್ರ ನಾ ಮುಂದ ಇರ್ತೀನಿ ಅಕ್ಕ."

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಆ ಜನರಲ್‌ನ ಕತೆ ಅರ್ಧಕ್ಕೆ ನಿಂತು ಎಷ್ಟು ವರ್ಷವಾಗಿತ್ತು! "ಹತ್ತತೀನಿ ಮಾಮಾ" ಎಂದೆ.

ಕುದುರೆ ಗಿಲ್ಲೆಸುಗೂರಿನಿಂದ ಬಂತು. ರಾಯಚೂರು ಸ್ಟೇಷನ್ನಿನಲ್ಲಿ ಬಹಳ ಕಾಲ ಟಾಂಗಾ ಎಳೆದು, ಆಟೋರಿಕ್ಷಾ ಬಂದ ಮೇಲೆ ಕೆಲಸ ಕಳೆದುಕೊಂಡ ಬೂದು ಬಣ್ಣದ ಮುದಿ ಕುದುರೆ. ಪ್ರಷ್ಯಾದ ದಂಡಿಗೆ ಅದನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಮದುವೆಯ ಮುಂಜಾನೆ ಡಾಂಬರು ರಸ್ತೆಯ ಬಳಿ ಮಾವ ನನ್ನನ್ನು ಅದರ ಮೇಲೆ ಕೂರಿಸಿದ. ಲಗಾಮು ಹಿಡಿದು ತಾನು ಮುಂದೆ ನಡೆದ. ಹಿಂದೆ ಹಲಗೆ ಬಾರಿಸುವವರು, ಅವ್ವ, ಅಪ್ಪ, ನಮ್ಮ ಓಣಿಯ ಜನ, ಮಾವನ ಒಂದಿಬ್ಬರು ಹಳೆಯ ವಿದ್ಯಾರ್ಥಿಗಳು. ಬಿಸಿಲು ಏರುತ್ತಿತ್ತು. ಎರಡೂ ಕಡೆ ಒಡೆದ ಹತ್ತಿಯ ಹೊಲ, ನೋಡಿದಷ್ಟೂ ಬಿಳುಪು. ಕುದುರೆಯ ಮೇಲಿನಿಂದ ನನಗೆ ಅದೆಲ್ಲ ಹಿಮದ ಹಾಗೇ ಕಂಡಿತು. ಎದುರಿಗೆ ದೊಡ್ಡ ಕಲ್ಲಿನ ಅಗಸಿ, ಥೇಟ್ ಮಾವ ಹೇಳಿದ್ದೇ!

ಅಗಸಿಯ ಮುಂದೆ ಕುದುರೆ ನಿಂತುಬಿಟ್ಟಿತು.

ಯಾರೂ ತಡೆಯಲಿಲ್ಲ. ಟಾಂಗಾದ ಕುದುರೆ, ಕಟ್ಟೆಯ ಮೇಲೆ ಮಂದಿ ಕೂತಿದ್ದು ಕಂಡು, ಪ್ಯಾಸೆಂಜರ್ ಇದ್ದಾರೆಂದು ರೂಢಿಯ ಪ್ರಕಾರ ನಿಂತಿತು! ಮಾವ ಲಗಾಮು ಜಗ್ಗಿದ, ಚುಚ್ಚುಚ್ ಎಂದ. ಊಹೂಂ. ಯಾರಾದರೂ ಹತ್ತದೆ ಅದು ಹೊರಡುವಂತಿರಲಿಲ್ಲ. ಹಲಗೆಯ ಸದ್ದು ನಿಂತಿತು. ಕಟ್ಟೆಯ ಮೇಲಿದ್ದವರ ಮಾತೂ ನಿಂತಿತು. ಅಲ್ಲಿ ಹಳದಿ ರುಮಾಲಿನ ಹಿರಿಯರು, ಈಗ ತೀರ ಮುದುಕರು, ಕೋಲಿನ ಮೇಲೆ ಗದ್ದ ಊರಿ ಮಾವನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಮೀಸೆ ಬಿಟ್ಟ ಅವರ ಮಗ, ಅವನ ಸುತ್ತ ಅವನ ಓರಗೆಯ ಗಂಡಸರು. ಹಿರಿಯರ ತುಟಿ ಅಲ್ಲಾಡಿತು. 'ಇಳೀರಿ' ಎಂಬ ಅದೇ ಮಾತು ಬರುತ್ತದೆ ಎಂದು ನಾನು ಕುದುರೆಯ ಜೂಲು ಬಿಗಿಹಿಡಿದೆ. ಈ ಸಲ ಮಾವ ಇಳಿಸಬೇಕಾದದ್ದು ನನ್ನನ್ನು.

ಮಾವ ಅವರ ಕಡೆ ನೋಡಲಿಲ್ಲ. ಹೊಲದ ಕಡೆ ಎಲ್ಲೋ ನೋಡುತ್ತ ಜೇಬಿಗೆ ಕೈ ಹಾಕಿದ. ಒಂದು ಚಾಕ್‌ಪೀಸು ತೆಗೆದ. ಆಕಾಶಕ್ಕೆ ಎಸೆದ.

ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತ ಅದು ಏರಿತು. ಅದು ನೆಲ ಮುಟ್ಟಿತೋ ಇಲ್ಲವೋ, ಕಟ್ಟೆಯ ಮೇಲಿಂದ ಒಬ್ಬ ಗಂಡಸು ಧೊಪ್ಪನೆ ಹಾರಿದ. ಹಿರಿಯರ ಮಗ! ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ನಮ್ಮ ಹಿಂದೆ ಇದ್ದ ಹಳೆಯ ವಿದ್ಯಾರ್ಥಿಗಳೂ ಮುಂದೆ ನುಗ್ಗಿದರು. ಹೊಟ್ಟೆ ಬಂದವರು, ಮಕ್ಕಳ ತಂದೆಯರು, ಧೋತರ ಎತ್ತಿ ಕಟ್ಟಿಕೊಂಡು, ನಾಲಿಗೆಯಿಂದ ಟಕ್ ಟಕ್ ಟಕ್ ಎನ್ನುತ್ತ ಅಗಸಿಯೊಳಗೆ ಓಟ ಕಿತ್ತರು!

"ಲೇ, ಎಲ್ಲಿಗಿ ಹೊಂಟಿಯೋ?" ಹಿರಿಯರು ಕೂಗಿದರು.

ಮಗ ತಿರುಗಿಯೂ ನೋಡಲಿಲ್ಲ. "ಮಾಸ್ತರು ಚಾಕ್‌ಪೀಸ್ ಒಗದಾರಪ್ಪೋ!" ಎಂದ.

ಟಕ್ ಟಕ್ ಕೇಳಿ ಮುದಿ ಕುದುರೆಗೆ ಏನು ನೆನಪಾಯಿತೋ, ಕಿವಿ ನೆಟ್ಟಗೆ ಮಾಡಿಕೊಂಡು ತಾನೂ ಹೊರಟಿತು. ಕಲ್ಲಿನ ಅಗಸಿಯ ನೆರಳು ತಂಪಾಗಿ ನನ್ನ ಮೈಮೇಲೆ ಹಾದುಹೋಯಿತು. ಮುಂದೆ ನೋಡಿದರೆ ನಡುಬೀದಿ. ಬಾಗಿಲುಗಳಲ್ಲಿ ನಿಂತ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಹಲಗೆ ಮತ್ತೆ ಶುರುವಾಯಿತು. ಹಿಂತಿರುಗಿ ನೋಡಿದೆ. ಹಿರಿಯರು ಬಾಯಿ ತೆರೆದುಕೊಂಡೇ ಕೂತಿದ್ದರು, ಆ 'ಇಳೀರಿ' ಮಾತ್ರ ಹೊರಗೆ ಬಂದಿರಲಿಲ್ಲ.

ಮಾವ ನಡುಬೀದಿಯಲ್ಲೇ ಮುಂದೆ ಮುಂದೆ ನಡೆಯುತ್ತಿದ್ದ. "ಆಮ್ಯಾಗ ಏನಾತು ಮಾಮಾ?" ಎಂದು ಮೇಲಿಂದ ಕೇಳಿದೆ. ಅವನಿಗೆ ಕೇಳಿಸಲಿಲ್ಲ.

ಅತ್ತೆಯ ತವರು ಮನೆಯ ಬಾಗಿಲಿಗೆ ಬಂದೆವು. ಅತ್ತೆ ಆರತಿ ತಟ್ಟೆ, ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮದುಮಗಳನ್ನು ಇಳಿಸಿಕೊಳ್ಳಬೇಕಾದವಳು ಅವಳೇ. ಕುದುರೆಯ ಗೊರಸಿಗೆ ನೀರು ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ, ಧೂಳು ಮೆತ್ತಿದ ಮಾವನ ಕಾಲಿಗೆ ನೀರು ಹಾಕಿದಳು. ಆರತಿಯನ್ನು ಅವನ ಬಿಳಿ ಮೀಸೆಯ ಮುಂದೆ ಎತ್ತಿ ಹಿಡಿದಳು. ಅವಳ ಖಾರದ ಬಾಯಿಯಿಂದ ಅಂಥ ದನಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಬರ್ರಿ... ಯಾಕ ಇಷ್ಟು ಹೊತ್ತು ಮಾಡಿದ್ರಿ?"

"ಬಾಗಲಾ ತಗಿಯೂದು ತಡಾ ಆತು" ಎಂದ ಮಾವ. ಎಂದವನೇ ಮಗುವಿನ ಹಾಗೆ ಅಳತೊಡಗಿದ. ಅತ್ತೆಯೂ ಅತ್ತಳು. ರಿಸಾಲೆಯವರು ಏದುಸಿರು ಬಿಡುತ್ತ ಸುತ್ತ ನಿಂತು ನೋಡುತ್ತಿದ್ದರು.

ಕುದುರೆಯ ಮೇಲೆ ಮದುಮಗಳೊಬ್ಬಳು ಕೂತಿದ್ದಾಳೆ ಎಂಬುದು ಬಹಳ ಹೊತ್ತು ಯಾರಿಗೂ ನೆನಪಾಗಲಿಲ್ಲ. ನನಗೂ ಇಳಿಯುವ ಅವಸರವಿರಲಿಲ್ಲ.